ಆ ಸಾಲು ಬಂದಾಗ ನಾನು ಸುಮ್ಮನಾಗುತ್ತಿದ್ದೆ

ಬಳ್ಳಾರಿಯ ಮೇ ತಿಂಗಳು. ಹೊರಗೆ 42 ಡಿಗ್ರಿ ಬಿಸಿಲು. ಮನೆಯೊಳಗೆ ಒಬ್ಬ ಮನುಷ್ಯನಿಗೆ ಇಡೀ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಅದರಲ್ಲೇ ಚಹಾ, ಅದರಲ್ಲೇ ಸಾರು, ಅದರಲ್ಲೇ ಮಾತ್ರೆ ನುಂಗುವ ಗುಟುಕು.

ಆ ಮನುಷ್ಯ ನಮ್ಮ ಯಜಮಾನರು. ಅವರ ಎರಡೂ ಕಿಡ್ನಿ ಹೋಗಿದ್ದವು. ಕುಡಿದ ನೀರು ಹೊರಗೆ ಹೋಗಲು ದಾರಿ ಇರಲಿಲ್ಲ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 4 ಗಂಟೆ, ಡಯಾಲಿಸಿಸ್ ಮೆಷಿನ್ ಪಕ್ಕ ಮಲಗಿದಾಗಲೇ ಆ ನೀರನ್ನು ತೆಗೆಯುತ್ತಿದ್ದರು. ನಡುವಿನ ದಿನಗಳಲ್ಲಿ ಜಾಸ್ತಿ ಕುಡಿದರೆ ಕಾಲು ಊದುತ್ತಿತ್ತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ನಾನು ಒಂದು ಸ್ಟೀಲ್ ಚೊಂಬಿನ ಒಳಗಡೆ ಮೊಳೆಯಿಂದ ಗೆರೆ ಎಳೆದಿದ್ದೆ. ಬೆಳಿಗ್ಗೆ ಆ ಗೆರೆಯವರೆಗೆ ತುಂಬಿ ಇಡುತ್ತಿದ್ದೆ. ಮುಗಿದರೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಅವರು ಆ ಚೊಂಬಿನ ಕಡೆ ನೋಡುತ್ತಿದ್ದರು. ಅದನ್ನು ನೋಡಲಾಗದೆ ನಾನು ಅಡುಗೆ ಮನೆಗೆ ಹೋಗಿ ನಿಂತುಬಿಡುತ್ತಿದ್ದೆ. ನನಗೂ ಬಾಯಿ ಒಣಗಿರುತ್ತಿತ್ತು. ಆದರೆ ಅವರೆದುರು ಕುಡಿಯಲು ಮನಸ್ಸು ಬರುತ್ತಿರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಹೋದ ವಾರ ನಮ್ಮ ಚರ್ಚ್ ಸಭೆಯ ಸ್ತ್ರೀಯರ ಕೂಟಕ್ಕೆ ಒಬ್ಬ ಹುಡುಗಿ ಬಂದಿದ್ದಳು. 7ನೇ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ಹೋಯಿತು. ಅವಳು ಬಂದು ಒಂದು ಗಂಟೆ ಆಗಿರಲಿಲ್ಲ, ಅಷ್ಟರಲ್ಲಿ ನಾಲ್ಕು ಜನ ತಲೆ ಸವರಿ "ದೇವರ ಚಿತ್ತ ಕಣಮ್ಮಾ, ಒಪ್ಪಿಕೋ" ಅಂದರು. ಹೇಳಿದವರೆಲ್ಲ ಒಳ್ಳೆಯವರು. ಅವಳ ಮೇಲೆ ಪ್ರೀತಿ ಇದ್ದವರೇ. ಆದರೆ ಆ ಮಾತು ಬಿದ್ದಾಗೆಲ್ಲ ಅವಳ ತಲೆ ಇನ್ನಷ್ಟು ಕೆಳಗೆ ಬಾಗುತ್ತಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ, ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಕೌಲ್ ಬಜಾರ್ ಕಡೆಯವರು. ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ ನೆನಪಾಗುತ್ತದೆ. ನಮಗೆ ಬಳ್ಳಾರಿ ಅಂದರೆ ಜೀನ್ಸ್. ನಮ್ಮ ಓಣಿಯಲ್ಲಿ ಮನೆಗೊಂದು ಹೊಲಿಗೆ ಮೆಷಿನ್ ಸದ್ದು ಇದ್ದೇ ಇರುತ್ತದೆ. ಹೊಲಿಯಲು ಬಾರದವರು ಬಾಗಿಲಲ್ಲಿ ಕೂತು ದಾರ ಕತ್ತರಿಸುತ್ತಾರೆ. ನಮ್ಮ ಯಜಮಾನರು ಕಟಿಂಗ್ ಮಾಸ್ಟರ್. ಮೊದಲು ಬೇರೆಯವರ ಹತ್ತಿರ ದುಡಿದರು. ಆಮೇಲೆ ನಾವೇ 6 ಮೆಷಿನ್ ಹಾಕಿಕೊಂಡು ಜಾಬ್ ವರ್ಕ್ ಶುರು ಮಾಡಿದೆವು. ಉದ್ದ ಟೇಬಲ್ ಮೇಲೆ ಬಟ್ಟೆಯನ್ನು 60 ಪದರ ಹಾಸಬೇಕು. ಮೇಲಿನ ಪದರಕ್ಕೆ ಚಾಕ್‌ನಲ್ಲಿ ಗೆರೆ ಹಾಕಿ, ಕಟಿಂಗ್ ಮೆಷಿನ್ ಬಿಡಬೇಕು. ಗೆರೆ ತಪ್ಪಿದರೆ 60 ಪ್ಯಾಂಟ್ ಹಾಳು. ಇವರು ಸ್ವಿಚ್ ಹಾಕುವ ಮುಂಚೆ ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥನೆ ಮಾಡುತ್ತಿದ್ದರು. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ತುಟಿ ಮಾತ್ರ ಅಲುಗಾಡುತ್ತಿತ್ತು.

2016ರ ಫೆಬ್ರವರಿಯಲ್ಲಿ ಕಾಲು ಊದಲು ಶುರುವಾಯಿತು. ನಿಂತು ಕೆಲಸ ಮಾಡುವವರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆವು. ಆಮೇಲೆ ವಾಂತಿ. ಊಟ ಸೇರುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 9 ದಾಟಿತ್ತು. ಅದು ಇರಬೇಕಾದದ್ದು 1ರ ಆಸುಪಾಸು. ಡಾಕ್ಟರ್ ಮೊದಲು ಕೇಳಿದ್ದು "ಬಿಪಿ ಎಷ್ಟು ವರ್ಷದಿಂದ ಇದೆ?" ಅಂತ. ನಮಗೆ ಗೊತ್ತೇ ಇರಲಿಲ್ಲ. ಯಾವತ್ತೂ ನೋಡಿಸಿರಲಿಲ್ಲ. ಬಿಪಿಗೆ ನೋವಿಲ್ಲ, ಜ್ವರ ಇಲ್ಲ. ಸುಮ್ನೆ ಒಳಗೇ ಕಿಡ್ನಿಯನ್ನು ತಿನ್ನುತ್ತದೆ. ಕಿಡ್ನಿ ಹಾಳಾಗಲು ಸಕ್ಕರೆ ಕಾಯಿಲೆ ಮತ್ತು ಬಿಪಿ, ಇವೆರಡೇ ದೊಡ್ಡ ಕಾರಣ ಅಂತ ಆಮೇಲೆ ಕಲಿತೆ. ಓದುತ್ತಿರುವವರಲ್ಲಿ 40 ದಾಟಿದವರಿದ್ದರೆ ದಯವಿಟ್ಟು ಈ ವಾರವೇ ಬಿಪಿ ನೋಡಿಸಿಕೊಳ್ಳಿ. ನಾವು ನೋಡಿಸದೆ ಬಿಟ್ಟದ್ದನ್ನು ದೇವರ ಚಿತ್ತ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದು ನಮ್ಮ ತಪ್ಪು. ಆ ತಪ್ಪನ್ನು ಆತನ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ನಮ್ಮ ಅವ್ವ ಆಗ ಬಂದು ನನ್ನ ಪಕ್ಕ ಕೂತು "ಹಣೇಲಿ ಬರೆದಿದ್ದನ್ನ ಯಾರು ಅಳಿಸೋಕಾಗ್ತೈತಮ್ಮಾ" ಅಂದಳು. ಚಿಕ್ಕಂದಿನಿಂದ ನಾನು ಈ ಎರಡು ಮಾತನ್ನೂ ಒಂದೇ ಅಂದುಕೊಂಡಿದ್ದೆ. ಊರಿನವರು ಹಣೆಬರಹ ಅಂತಾರೆ, ಚರ್ಚಿನವರು ದೇವರ ಚಿತ್ತ ಅಂತಾರೆ, ಅಷ್ಟೇ ಅಂತ. ಅವೆರಡೂ ಬೇರೆ ಬೇರೆ ಅಂತ ತಿಳಿಯಲು ನನಗೆ ಮೂರು ವರ್ಷದ ಡಯಾಲಿಸಿಸ್ ಬೇಕಾಯಿತು. ಬರಹ ಅಂದರೆ ಬರೆದು ಮುಗಿದದ್ದು. ಅದಕ್ಕೆ ಕಿವಿ ಇಲ್ಲ. ಅದರ ಹತ್ತಿರ ಏನು ಬೇಡಿಕೊಳ್ಳುವುದು? ಚಿತ್ತ ಅಂದರೆ ಮನಸ್ಸು. ಮನಸ್ಸು ಇರುವವನ ಹತ್ತಿರ ಹೋಗಿ ಅಳಬಹುದು, ಜಗಳ ಆಡಬಹುದು, "ಹೀಗೆ ಮಾಡಬೇಡಪ್ಪಾ" ಅನ್ನಬಹುದು. ಅದು ಗೊತ್ತಾದ ಮೇಲೂ ನಾನು ಬಹಳ ದಿನ ಎಡವಿದ್ದೇನೆ. ಅದನ್ನೂ ಹೇಳುತ್ತೇನೆ.

2016ರ ಡಿಸೆಂಬರ್ 31ರ ರಾತ್ರಿ ಆರಾಧನೆ. ಹೊಸ ವರ್ಷ ಹುಟ್ಟಿದ ಮೇಲೆ ನಮ್ಮಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ತೆಗೆಯುತ್ತಾರೆ. ತಟ್ಟೆಯಲ್ಲಿ ಮಗುಚಿ ಇಟ್ಟಿರುತ್ತಾರೆ, ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಬೇಕು. ಇವರಿಗೆ ಬಂದದ್ದು 118ನೇ ಕೀರ್ತನೆಯ ಮಾತು. ಸಾಯುವುದಿಲ್ಲ, ಬದುಕಿ ದೇವರ ಕೆಲಸಗಳನ್ನು ಸಾರುತ್ತೇನೆ ಅನ್ನುವ ವಚನ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿ ಕಟಿಂಗ್ ಟೇಬಲ್ ಮೇಲಿನ ಗೋಡೆಗೆ ಅಂಟಿಸಿದೆ. ಅದು ನನಗೆ ದೇವರು ಸಹಿ ಹಾಕಿ ಕೊಟ್ಟ ಪತ್ರ ಆಗಿತ್ತು.

ಆ ಕಾರ್ಡ್ ಇದ್ದದ್ದರಿಂದಲೇ ಮುಂದಿನದು ನಡೆಯಿತು. ಮಾರ್ಚ್‌ನಲ್ಲಿ ಪರಿಚಯದವರ ಮನೆಯ ಪ್ರಾರ್ಥನೆಗೆ ಹೊರಗಿನ ಒಬ್ಬ ಪ್ರಸಂಗಿ ಬಂದಿದ್ದರು. ಇವರ ಹಣೆಗೆ ಎಣ್ಣೆ ಹಚ್ಚಿ ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. "ನೀವು ಗುಣವಾಗಿದ್ದೀರಿ" ಅಂದರು. "ಇನ್ನು ಆ ಮೆಷಿನ್ ಹತ್ತಿರ ಹೋದರೆ ಅದು ಅಪನಂಬಿಕೆ" ಅಂದರು. ಇವರು ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಆ ತಲೆ ಆಡಿಸಿದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಶುಕ್ರವಾರದ ಡಯಾಲಿಸಿಸ್ ಬಿಟ್ಟೆವು. ಮಂಗಳವಾರದ್ದೂ ಬಿಟ್ಟೆವು. ಬುಧವಾರ ರಾತ್ರಿ ಎರಡು ಗಂಟೆಗೆ ಅವರಿಗೆ ಮಲಗಲು ಆಗಲಿಲ್ಲ. ಎದ್ದು ಕೂತು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಮಗ ಓಡಿ ಹೋಗಿ ಆಟೋ ಎಬ್ಬಿಸಿಕೊಂಡು ಬಂದ. ನೀರು ಶ್ವಾಸಕೋಶಕ್ಕೆ ಏರಿತ್ತು. ರಕ್ತದಲ್ಲಿ ಪೊಟ್ಯಾಸಿಯಮ್ ಹೆಚ್ಚಾಗಿತ್ತು. ಅದು ಹೆಚ್ಚಾದರೆ ಹೃದಯ ನಿಂತುಬಿಡಬಹುದು. ಆ ರಾತ್ರಿಯೇ ಮೆಷಿನ್ ಹಾಕಿದರು. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ, ನನ್ನ ಮಗಳಾಗುವ ವಯಸ್ಸು. "ಯಾರು ಬಿಡಿಸಿದ್ದು ಇದನ್ನ?" ಅಂತ ನನ್ನ ಮೇಲೆ ಕೂಗಿದಳು. ಕೂಗಿದ್ದು ಸರಿಯೇ. ಬೆಳಿಗ್ಗೆ ಆ ಪ್ರಸಂಗಿಗೆ ಫೋನ್ ಮಾಡಿದರೆ, ನಿಮ್ಮ ನಂಬಿಕೆ ಸಾಲಲಿಲ್ಲ ಅಂದರು.

ಆ ಮಾತು ನನ್ನನ್ನು ಬಹಳ ದಿನ ಅರೆಯಿತು. ನನ್ನ ನಂಬಿಕೆ ಸ್ವಲ್ಪ ಜಾಸ್ತಿ ಇದ್ದಿದ್ದರೆ? ಇನ್ನೂ ಎರಡು ದಿನ ತಡೆದಿದ್ದರೆ? ಯೋಚನೆ ಎಷ್ಟು ಕೆಟ್ಟದು ನೋಡಿ. ಇನ್ನೂ ಎರಡು ದಿನ ತಡೆದಿದ್ದರೆ ಅವರು ಇರುತ್ತಿರಲಿಲ್ಲ.

ನಮ್ಮ ಸಭೆಯ ಅಯ್ಯನವರು, ಅಂದರೆ ಪಾಸ್ಟರ್, ವಿಷಯ ತಿಳಿದು ಮನೆಗೆ ಬಂದರು. ಬೈಯಲಿಲ್ಲ. ಬೈಬಲ್ ತೆಗೆದು ಹಿಜ್ಕೀಯ ರಾಜನ ಕಥೆ ಓದಿದರು, ಎರಡನೇ ಅರಸುಗಳು 20ನೇ ಅಧ್ಯಾಯ. ಹಿಜ್ಕೀಯನಿಗೆ ಸಾಯುವಂಥ ಕಾಯಿಲೆ. ಪ್ರವಾದಿ ಯೆಶಾಯ ಬಂದು, ನೀನು ಸಾಯುತ್ತೀ, ಮನೆಯ ವ್ಯವಸ್ಥೆ ಮಾಡಿಕೋ ಅಂತ ದೇವರ ಮಾತನ್ನೇ ಹೇಳಿದ. ಹಿಜ್ಕೀಯ "ಸರಿ, ದೇವರ ಚಿತ್ತ" ಅಂತ ಸುಮ್ಮನಾಗಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿ ಅತ್ತ, ಬೇಡಿದ. ಯೆಶಾಯ ಇನ್ನೂ ಹೊರಗೆ ಹೋಗಿ ಮುಗಿದಿರಲಿಲ್ಲ, ದೇವರು ವಾಪಸ್ ಕಳಿಸಿ 15 ವರ್ಷ ಆಯಸ್ಸು ಕೊಟ್ಟ. ಅಯ್ಯನವರು ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ವಚನಕ್ಕೆ ಬೆರಳಿಟ್ಟರು. ಗುಣ ಮಾಡುತ್ತೇನೆ ಅಂತ ದೇವರೇ ಹೇಳಿದ ಮೇಲೂ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. "ಔಷಧಿ ಕಟ್ಟಿದ್ದು ಅಪನಂಬಿಕೆ ಆಗಿದ್ದರೆ ಪ್ರವಾದಿ ಕಟ್ಟಿಸ್ತಿದ್ನಾ?" ಅಂದರು.

ಅಂಜೂರ ಅಂದರೆ ನಮ್ಮ ಬಳ್ಳಾರಿಯ ಹಣ್ಣು. ಅಂಜೂರದಲ್ಲಿ ಬಳ್ಳಾರಿ ಅನ್ನುವ ತಳಿಯೇ ಇದೆ. ಇವರಿಗೆ ಬಹಳ ಇಷ್ಟ. ಆದರೆ ಒಣ ಅಂಜೂರದಲ್ಲಿ ಪೊಟ್ಯಾಸಿಯಮ್ ಜಾಸ್ತಿ, ಕಿಡ್ನಿ ಹೋದವರು ತಿನ್ನುವಂತಿಲ್ಲ. ಹಿಜ್ಕೀಯನಿಗೆ ಔಷಧಿ ಆದದ್ದು ಇವರಿಗೆ ವಿಷ. ಅದನ್ನು ಕೇಳಿ ಅವತ್ತು ಇವರು ಬಹಳ ದಿನಗಳ ಮೇಲೆ ನಕ್ಕರು. ಮರು ಮಂಗಳವಾರ ನಾನು ಕರೆಯುವ ಮೊದಲೇ ಡಯಾಲಿಸಿಸ್‌ಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

ಆ ಮೇಲೆ ನಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆ ಬದಲಾಯಿತು. ಮೊದಲು ನಾನು ಕೂಗಿ ಕೂಗಿ ಕೇಳುತ್ತಿದ್ದೆ. ಇವರು, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೆಮನೆ ತೋಟದ ಭಾಗವನ್ನು ಮತ್ತೆ ಮತ್ತೆ ಓದಿಸುತ್ತಿದ್ದರು. ಯೇಸು ಅಲ್ಲಿ ಒಂದು ಸಲ ಕೇಳಿ ಬಿಡಲಿಲ್ಲ. ಮೂರು ಸಲ ಹೋಗಿ ಅದೇ ಮಾತು ಕೇಳಿದ. ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಅಂತ. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿತ್ತು ಅಂತ ಲೂಕ ಬರೆದಿದ್ದಾನೆ. ನಿನ್ನ ಚಿತ್ತವೇ ಆಗಲಿ ಅನ್ನುವ ಮಾತು ಆ ಬೇಡಿಕೆಯ ಜೊತೆಯಲ್ಲೇ, ಆ ಸಂಕಟದ ನಡುವೆಯೇ ಬಂತು. ನಾವು ಏನು ಮಾಡುತ್ತೇವೆ? ಆ ಒಂದು ಮಾತನ್ನು ಮಾತ್ರ ಕಿತ್ತುಕೊಂಡು, ಬೆವರನ್ನು ಬಿಟ್ಟು, ಸತ್ತ ಮನೆಗೆ ಹೋದಾಗ ಬಾಗಿಲಲ್ಲೇ ಹೇಳಿಬಿಡುತ್ತೇವೆ. ಇನ್ನೊಂದು ವಿಷಯ. ಆ ಮಾತನ್ನು ಯೇಸು ತಾನೇ ತಂದೆಗೆ ಹೇಳಿದ. ಶಿಷ್ಯ ಪೇತ್ರ ಬಂದು ಆತನ ಬೆನ್ನು ತಟ್ಟಿ "ದೇವರ ಚಿತ್ತ, ಒಪ್ಪಿಕೋ ಗುರುವೇ" ಅಂತ ಹೇಳಲಿಲ್ಲ. ಪೇತ್ರನಿಗೆ ಸಿಕ್ಕಿದ್ದ ಕೆಲಸ ಒಂದೇ, ಜೊತೆಗೆ ಎಚ್ಚರವಾಗಿ ಇರುವುದು. ಅದೂ ಆಗಲಿಲ್ಲ.

2018ರ ಮಾರ್ಚ್ 30 ಶುಭ ಶುಕ್ರವಾರ. ಅವತ್ತು ನಮ್ಮ ಚರ್ಚಿನಲ್ಲಿ 12ರಿಂದ 3 ಗಂಟೆವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ ಇರುತ್ತದೆ. ಒಂದೊಂದು ಮಾತಿಗೆ ಸಭೆಯ ಒಬ್ಬೊಬ್ಬರು ನಿಂತು ಮಾತಾಡುತ್ತಾರೆ. ಐದನೇ ಮಾತನ್ನು ಅಯ್ಯನವರು ಇವರಿಗೆ ಕೊಟ್ಟಿದ್ದರು. "ನನಗೆ ನೀರಡಿಕೆಯಾಗಿದೆ" ಅನ್ನುವುದು. ನನಗೆ ಅಯ್ಯನವರ ಮೇಲೆ ಸಿಟ್ಟೇ ಬಂದಿತ್ತು. ಬೇರೆ ಯಾವುದಾದರೂ ಕೊಡಬಾರದಿತ್ತಾ? ಇವರೇ ಬೇಕು ಅಂತ ಕೇಳಿ ತೆಗೆದುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು.

ಸುಡುವ ಬಿಸಿಲು. ಫ್ಯಾನ್ ಗಾಳಿಯೂ ಬಿಸಿ. ಇವರು ಎದ್ದು ಹೋಗಿ ನಿಂತರು. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು, ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಇದ್ದ ಕೈ ಅದು. ಐದು ನಿಮಿಷವೂ ಮಾತಾಡಲಿಲ್ಲ. ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

"ಸಹೋದರ ಸಹೋದರಿಯರೇ, ನನಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು. ನೀರಡಿಕೆ ಅಂದರೆ ಏನು ಅಂತ ನನಗೆ ಗೊತ್ತು. ಹಿಂದಿನ ರಾತ್ರಿ ತೋಟದಲ್ಲಿ ನಿನ್ನ ಚಿತ್ತವೇ ಆಗಲಿ ಅಂದವನೇ ಇಲ್ಲಿ ನೀರು ಕೇಳ್ತಾ ಇದ್ದಾನೆ. ನಾನು ಇಷ್ಟು ದಿನ ಏನು ತಿಳ್ಕೊಂಡಿದ್ದೆ ಅಂದರೆ, ಒಂದು ಸಲ ಒಪ್ಪಿಕೊಂಡ ಮೇಲೆ ಕೇಳಬಾರದು, ನೋವು ಅನ್ನಬಾರದು ಅಂತ. ಆತ ಪೂರ್ತಿ ಒಪ್ಪಿಕೊಂಡಿದ್ದ. ಆದರೂ ಬಾಯಿಬಿಟ್ಟು ಕೇಳಿದ. ಅದಕ್ಕೆ ನಾನೂ ಕೇಳ್ತೀನಿ. ದಿನಾ ಕೇಳ್ತೀನಿ. ಕೊಟ್ಟರೆ ಸ್ತೋತ್ರ. ಕೊಡದೇ ಇದ್ದರೂ ನಾನು ಕೇಳ್ತಿರೋದು ನಮ್ಮ ತಂದೆ ಹತ್ರಾನೇ."

ಬಂದು ಪಕ್ಕದಲ್ಲಿ ಕೂತರು. ಆ ದಿನದ ಪಾಲಿನ ನೀರಿನಲ್ಲಿ ಒಂದು ಗುಟುಕು ಕುಡಿದರು. ಇಷ್ಟು ವರ್ಷದಲ್ಲಿ ನಾನು ಕೇಳಿದ ಪ್ರಸಂಗಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಅವರು ಅಲ್ಲಿಗೆ ತಲುಪಿದ್ದರು. ನಾನು ತಲುಪಿರಲಿಲ್ಲ. ನನ್ನ ಕಥೆ ಅಲ್ಲಿಂದ ಕೆಳಗೆ ಇಳಿಯಿತು.

ಕಿಡ್ನಿ ಕಸಿ ಮಾಡಿಸೋಣ ಅಂತ ಮೊದಲಿನಿಂದ ಇತ್ತು. ನಾನು ಕೊಡಲು ತಯಾರಿದ್ದೆ. ಪರೀಕ್ಷೆ ಮಾಡಿದರೆ ನನಗೇ ಸಕ್ಕರೆ ಕಾಯಿಲೆ ಇತ್ತು, ಬೇಡ ಅಂದರು. ಆಗ ಇವರ ಅಣ್ಣ, ನಮ್ಮ ಭಾವ, ತಾವಾಗಿಯೇ ಮುಂದೆ ಬಂದರು. ರಕ್ತದ ಗುಂಪು ಕೂಡಿತು. ಒಂದೊಂದೇ ಪರೀಕ್ಷೆ ಪಾಸಾಯಿತು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಎಷ್ಟು ಸಲ ಓಡಾಡಿದೆವೋ. ರಾತ್ರಿ ರೈಲಿನಲ್ಲಿ ಅಣ್ಣ ತಮ್ಮ ಇಬ್ಬರೂ ಕೆಳಗಿನ ಬರ್ತ್‌ನಲ್ಲಿ ಕೂತು ಚಿಕ್ಕಂದಿನ ಮಾತು ಆಡುತ್ತಿದ್ದರು. 118ನೇ ಕೀರ್ತನೆಯ ಆ ಮಾತು ನನ್ನ ಮನಸ್ಸಿನಲ್ಲಿ ಇತ್ತು.

ನಮ್ಮ ದೇಶದಲ್ಲಿ ಅಂಗ ಕಸಿಗೆ 1994ರ ಕಾನೂನು ಇದೆ. ಕಿಡ್ನಿ ಮಾರಬಾರದು, ಒತ್ತಾಯದಿಂದ ತೆಗೆದುಕೊಳ್ಳಬಾರದು. ಕೊಡುವವರನ್ನು ಒಬ್ಬರನ್ನೇ ಕೂರಿಸಿ ಕೇಳಿದರು. ಹೆದರಿಕೆ ಇದೆಯಾ, ಯಾರಾದರೂ ಬಲವಂತ ಮಾಡಿದ್ದಾರಾ, ಈಗ ಬೇಡ ಅನಿಸುತ್ತಿದೆಯಾ ಅಂತ. ಬಾಗಿಲು ಹಾಕಿದ ಆ ಕೋಣೆಯೊಳಗೆ ಭಾವ ಬೇಡ ಅಂದರು. 2018ರ ಜುಲೈ. ಹೊರಗೆ ಬಂದು ಇವರ ಕೈ ಹಿಡಿದು "ನನ್ನ ಕೈಲಿ ಆಗ್ತಿಲ್ಲ ಕಣೋ" ಅಂದರು. ಅವರಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಲಾರಿ ಓಡಿಸುವ ಕೆಲಸ. ಅವರ ಹೆಂಡತಿ, ನಮ್ಮ ಅಕ್ಕ, ಮೊದಲಿನಿಂದಲೂ ಅಳುತ್ತಿದ್ದರು.

ಇವರು ಅಣ್ಣನ ಬೆನ್ನು ತಟ್ಟಿದರು. "ಬಿಡಣ್ಣ, ಊಟ ಮಾಡೋಣ ಬಾ" ಅಂದರು. ಆಸ್ಪತ್ರೆಯ ಎದುರಿನ ಹೋಟೆಲ್‌ನಲ್ಲಿ ಅಣ್ಣನ ತಟ್ಟೆಗೆ ತಾವೇ ಚಟ್ನಿ ಹಾಕಿಕೊಟ್ಟರು. ನಾನು ತಿನ್ನಲಿಲ್ಲ.

ಆ ಭಾನುವಾರದಿಂದ ಚರ್ಚಿನಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ ಒಂದು ಸಾಲು ಬಂದರೆ ನಾನು ಬಾಯಿ ಮುಚ್ಚುತ್ತಿದ್ದೆ. ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ. ಎಲ್ಲರ ಧ್ವನಿ ಮುಂದೆ ಹೋಗುತ್ತಿತ್ತು. ನಾನು ಆ ಸಾಲನ್ನು ದಾಟಿ ಅನುದಿನದ ಆಹಾರದ ಹತ್ತಿರ ಸೇರಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರಿಗೆ ಗೊತ್ತಾಗಿತ್ತು. ಏನೂ ಅನ್ನಲಿಲ್ಲ.

ಒಬ್ಬ ಮನುಷ್ಯ ಹೆದರಿ ಹಿಂದೆ ಸರಿದದ್ದನ್ನು ದೇವರ ಚಿತ್ತ ಅನ್ನಬಹುದಾ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬೈಬಲಿನಲ್ಲಿ ಯೋಸೇಫ, ತನ್ನನ್ನು ಮಾರಿಬಿಟ್ಟಿದ್ದ ಅಣ್ಣಂದಿರಿಗೆ, ನೀವು ಕೇಡು ಎಣಿಸಿದಿರಿ, ದೇವರು ಅದನ್ನು ಮೇಲು ಮಾಡಿದ ಅಂತ ಹೇಳುತ್ತಾನೆ. ಅದು ಸರಿ, ಆದರೆ ಯೋಸೇಫ ಬದುಕಿದ್ದು ಹೇಳಿದ ಮಾತು ಅದು. ನಮ್ಮ ಯಜಮಾನರು ಬದುಕಲಿಲ್ಲ. ಹಾಗಾಗಿ ಆ ವಚನವನ್ನು ನನ್ನ ಮನೆಯ ಗೋಡೆಗೆ ಅಂಟಿಸಲು ನನ್ನಿಂದ ಆಗಿಲ್ಲ. ಅಂಟಿಸಿದವರ ಮೇಲೆ ಬೇಸರ ಇಲ್ಲ.

2019ರ ಜೂನ್. ಫಿಸ್ಟುಲಾ ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಕೈಯೊಳಗೆ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಜೋಡಿಸಿರುತ್ತಾರೆ. ಅದರ ಮೇಲೆ ಕೈಯಿಟ್ಟರೆ ಚರ್ಮದ ಕೆಳಗೆ ಗುಂಯ್ ಅಂತ ಅದುರುತ್ತದೆ. ದಿನಾ ಮುಟ್ಟಿ ನೋಡಬೇಕು, ಅದುರುತ್ತಿದ್ದರೆ ಸರಿಯಾಗಿದೆ ಅಂತ. ಮೂರು ವರ್ಷ ದಿನಾ ಬೆಳಿಗ್ಗೆ 5 ಗಂಟೆಗೆ ಅವರು ಏಳುವ ಮೊದಲೇ ನಾನು ಅಂಗೈ ಇಟ್ಟು ನೋಡುತ್ತಿದ್ದೆ. ಆ ಬೆಳಿಗ್ಗೆಯೂ ಇಟ್ಟೆ. ಅದುರುತ್ತಿರಲಿಲ್ಲ.

ಅದರ ಮುಂದಿನ ದಿನಗಳನ್ನು ಬರೆಯುವುದಿಲ್ಲ.

ಮನೆಗೆ ಬಂದವರು ಹೇಳಿದ್ದು ಅದೇ ಮಾತು. ಕೆಲವರು, ಸದ್ಯ ಬಿಡುಗಡೆ ಸಿಕ್ಕಿತು ಅಂದರು. ಗೋಡೆಯ ಮೇಲಿನ ಕಾರ್ಡ್ ಹಾಗೇ ಇತ್ತು, ಸಾಯುವುದಿಲ್ಲ, ಬದುಕುತ್ತೇನೆ. ಅದನ್ನು ಕಿತ್ತು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ತಿಂಗಳುಗಳಾದ ಮೇಲೆ ಒಂದು ದಿನ ಅಯ್ಯನವರ ಹತ್ತಿರ ಅದನ್ನೇ ತೆಗೆದುಕೊಂಡು ಹೋದೆ. "ದೇವರು ಸುಳ್ಳು ಹೇಳಿದನಾ?" ಅಂತ ಕೇಳಿದೆ. ಅವರು ಬಹಳ ಹೊತ್ತು ಕಾರ್ಡ್ ನೋಡುತ್ತಾ ಕೂತರು. "ಅಮ್ಮಾ, ತಟ್ಟೆಯಿಂದ ಕಾರ್ಡ್ ತೆಗೆದದ್ದು ನಾವು. ಅದನ್ನು ಕರಾರು ಪತ್ರ ಮಾಡಿಕೊಂಡದ್ದೂ ನಾವೇ. ನಾನೇ ಅದನ್ನು ಹಂಚಿದವನು, ನನ್ನದೂ ತಪ್ಪಿದೆ" ಅಂದರು. ಅವರ ಕಣ್ಣು ತುಂಬಿತ್ತು. ಅವರು ಒಂದು ಉತ್ತರ ಕಟ್ಟಿ ಕೊಟ್ಟಿದ್ದರೆ ನಾನು ಬಹುಶಃ ಚರ್ಚ್ ಬಿಡುತ್ತಿದ್ದೆ.

ಕೆಲಸ ಮಾತ್ರ ಬಿಡುವ ಹಾಗಿರಲಿಲ್ಲ. 400 ಪ್ಯಾಂಟಿನ ಆರ್ಡರ್ ಅರ್ಧಕ್ಕೆ ನಿಂತಿತ್ತು. ಕಟಿಂಗ್‌ಗೆ ಬೇರೆ ಮಾಸ್ಟರ್ ಕರೆದರೆ ಕೂಲಿಗೇ ಎಲ್ಲ ಹೋಗುತ್ತಿತ್ತು. 12ನೇ ದಿನ ನಾನೇ ಟೇಬಲ್ ಹತ್ತಿರ ಹೋದೆ. ಇಷ್ಟು ವರ್ಷ ನೋಡಿದ್ದೆ, ಕೈ ಹಾಕಿರಲಿಲ್ಲ. 60 ಪದರ ಹಾಸುವ ಧೈರ್ಯ ಇರಲಿಲ್ಲ, 10 ಪದರ ಹಾಸಿದೆ. ಸ್ವಿಚ್ ಮೇಲೆ ಕೈ ಇಟ್ಟೆ. ಅವರು ಅಲ್ಲಿ ನಿಂತು ತುಟಿ ಅಲುಗಿಸುತ್ತಿದ್ದದ್ದು ನೆನಪಾಯಿತು. ಏನು ಕೇಳುತ್ತಿದ್ದರೋ. ನಾನು "ಅಪ್ಪಾ, ಗೆರೆ ತಪ್ಪದಿರಲಿ" ಅಂದೆ. ಅವರು ಹೋದ ಮೇಲೆ ನಾನು ದೇವರ ಹತ್ತಿರ ಆಡಿದ ಮೊದಲ ಮಾತು ಅದೇ. ಬೈಬಲಿನ ದಾವೀದ ರಾಜನ ಮಗು ಕಾಯಿಲೆಯಲ್ಲಿ ಇದ್ದಾಗ ಆತ ನೆಲದ ಮೇಲೆ ಬಿದ್ದು ಬೇಡಿದ. 7ನೇ ದಿನ ಮಗು ಸತ್ತಿತು. ಎದ್ದು ಸ್ನಾನ ಮಾಡಿ, ದೇವರ ಮನೆಗೆ ಹೋಗಿ, ಬಂದು ಊಟ ಮಾಡಿದ. ಆಳುಗಳಿಗೆ ಅದು ಅರ್ಥವೇ ಆಗಲಿಲ್ಲ. ನಾನು ಮೆಷಿನ್ ಹಾಕಿದ್ದು ಕೇಳಿ ನಮ್ಮ ಓಣಿಯವರಿಗೂ ಅರ್ಥ ಆಗಲಿಲ್ಲ. ನನಗೆ ಮಾತ್ರ ದಾವೀದ ಅವತ್ತು ಬಹಳ ಹತ್ತಿರದವನು ಅನಿಸಿದ.

ನಮ್ಮ ಊರಿನ ಒಂದು ಹಳೆಯ ವಿಷಯ ಇಲ್ಲಿ ಹೇಳಬೇಕು. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರನ್ನು ಕಳಿಸಿದ್ದು ಬಳ್ಳಾರಿಗೆ ಅಲ್ಲ, ಶ್ರೀರಂಗಪಟ್ಟಣಕ್ಕೆ. ಅಲ್ಲಿಗೆ ದಾರಿ ಆಗಲಿಲ್ಲ. ಈ ಬಿಸಿಲೂರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಸುಮಾರು 20 ವರ್ಷ ಹಿಡಿಯಿತು. ಆಮೇಲೆ ಅದನ್ನು ಬೇರೆಯವರು ಎಷ್ಟೋ ಸಲ ತಿದ್ದಿದ್ದಾರೆ. ಆದರೂ ನಾನು ಗೆತ್ಸೆಮನೆಯನ್ನು ನನ್ನ ಭಾಷೆಯಲ್ಲಿ ಓದಿ ಅಳಲು ಆದದ್ದರ ಹಿಂದೆ ಹೀಗೊಂದು ಮುಚ್ಚಿದ ಬಾಗಿಲು ಇದೆ. ಇದು ನನ್ನ ಗಾಯಕ್ಕೆ ಉತ್ತರ ಅಂತ ಹೇಳುತ್ತಿಲ್ಲ. ಒಬ್ಬರ ಮುಚ್ಚಿದ ದಾರಿಗೆ 200 ವರ್ಷದ ಮೇಲೆ ಕಾಣುವ ಅರ್ಥ ಅವರಿಗೇ ಆವತ್ತು ಕಾಣುತ್ತಿರಲಿಲ್ಲ, ಅಲ್ವಾ. ಅಷ್ಟೇ ನಾನು ಹಿಡಿದುಕೊಂಡಿರುವುದು.

ಭಾವನ ವಿಷಯದಲ್ಲಿ ನನ್ನ ಮನಸ್ಸು ತಿರುಗಿದ್ದು ಯೋಹಾನನ ಸುವಾರ್ತೆ ಓದುವಾಗ. 10ನೇ ಅಧ್ಯಾಯದಲ್ಲಿ ಯೇಸು, ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅನ್ನುತ್ತಾನೆ. ಅದನ್ನು ಓದುವಾಗ ಬೆಂಗಳೂರಿನ ಆ ಬಾಗಿಲು ಹಾಕಿದ ಕೋಣೆ ಕಣ್ಣಿಗೆ ಬಂತು. ಒಳಗೆ ಕೂತಿದ್ದವರು ಭಾವನಿಗೆ ಕೇಳಿದ್ದು ಇದನ್ನೇ. ನೀನಾಗಿಯೇ ಕೊಡುತ್ತೀಯಾ? ಭಾವ ನಿಜ ಹೇಳಿದರು. ನಾನು ಅವರಿಂದ ಕಿತ್ತುಕೊಳ್ಳಲು ನಿಂತಿದ್ದೆ, ಪ್ರೀತಿಯ ಹೆಸರಿನಲ್ಲಿ, ಪ್ರಾರ್ಥನೆಯ ಹೆಸರಿನಲ್ಲಿ. ದೇವರು ನನ್ನಿಂದಲೂ ಹಾಗೆ ಕಿತ್ತುಕೊಳ್ಳುವುದಿಲ್ಲ ಅಂತ ಆಗ ತೋಚಿತು. ಎರಡೂವರೆ ವರ್ಷ ಆ ಸಾಲಿನ ಹತ್ತಿರ ನಾನು ಸುಮ್ಮನಿದ್ದರೂ ಆತ ಕಾದಿದ್ದ. ಬಲವಂತ ಮಾಡಿರಲಿಲ್ಲ. 2020ರ ಕ್ರಿಸ್ಮಸ್ ಹಿಂದಿನ ಭಾನುವಾರ ಆ ಸಾಲು ಬಂದಾಗ ನನ್ನ ಬಾಯಿ ಅದಾಗಿಯೇ ತೆರೆಯಿತು. ಧ್ವನಿ ಹೊರಗೆ ಬರಲಿಲ್ಲ. ತುಟಿ ಅಲುಗಾಡಿತು.

ನಾಳೆ ಆ ಹುಡುಗಿಯ ಮನೆಗೆ ಹೋಗಬೇಕು ಅಂದುಕೊಂಡಿದ್ದೇನೆ. ಅನ್ನ, ತಿಳಿ ಸಾರು ಮಾಡಿಕೊಂಡು. ಅವಳು ಕೇಳಿದರೆ ಮಾತ್ರ ಹೇಳುತ್ತೇನೆ. ನಿನಗೆ ಆ ಮಾತು ಹೇಳಲು ಇನ್ನೂ ಆಗದಿದ್ದರೆ ಹೇಳಬೇಡ. ಮಗು ಬೇಕಿತ್ತು ಅಂತ ಆತನ ಹತ್ತಿರವೇ ಅಳು. ಆ ಸಾಲು ಎಲ್ಲೂ ಓಡಿ ಹೋಗುವುದಿಲ್ಲ.

2024ರ ಮೇ ತಿಂಗಳಲ್ಲಿ ಭಾವನ ಚಿಕ್ಕ ಮಗಳ ಮದುವೆ ಆಯಿತು. ಹಿಂದಿನ ಸಂಜೆ ಮನೆಯಲ್ಲಿ ಪ್ರಾರ್ಥನೆ ಇಟ್ಟಿದ್ದರು. ಚಪ್ಪರದ ಕೆಳಗೆ ಚಾಪೆ ಹಾಸಿ ಎಲ್ಲರೂ ಕೂತಿದ್ದೆವು. ನಾನು ಹೋಗುವುದು ತಡವಾಯಿತು. ಜಾಗ ಇದ್ದದ್ದು ಭಾವನ ಪಕ್ಕದಲ್ಲೇ. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಶುರು ಮಾಡಿದರು. ನನ್ನ ಸಾಲು ಬಂತು, ಹೇಳಿದೆ. ಅನುದಿನದ ಆಹಾರದ ಸಾಲು ಬಂತು. ಅದರ ಮುಂದಿನದು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು.

ಪಕ್ಕದಲ್ಲಿ ಭಾವನ ಧ್ವನಿ ನಿಂತುಹೋಯಿತು.

ಆ ನಿಲ್ಲುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಎಷ್ಟು ವರ್ಷದಿಂದ ಅಲ್ಲಿ ನಿಲ್ಲುತ್ತಿದ್ದರೋ ಏನೋ. ನಾನು ಆ ಸಾಲನ್ನು ಅವರಿಗೆ ಕೇಳಿಸುವ ಹಾಗೆ ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಹೇಳಿದೆ. ಆಮೇನ್ ಆದ ಮೇಲೆ ಎದ್ದು ಒಳಗೆ ಹೋಗಿ ಒಂದು ಚೊಂಬು ತಣ್ಣನೆಯ ನೀರು ತಂದು ಅವರ ಕೈಗೆ ಕೊಟ್ಟೆ.